ಸಂಗಟಿ ಕೇಳಿದವನಿಗೆ ಬೀಗ

ಕೋಲಾರ ಸೀಮೆಯ ಆಸರೆ ಮನೆಗಳ ಮೇಲ್ವಿಚಾರಣೆಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನೀವು ಕೊಡುತ್ತೇವೆ ಎಂದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹುತ್ತೂರು ಹೋಬಳಿಯ ಆಸರೆ ಮನೆಯಲ್ಲಿರುವ ವಯಸ್ಕರು ತಮ್ಮ ಅಡುಗೆಯಲ್ಲಿ ತಾವೇ ಕೈಹಾಕಲು ಒಂದು ಅಡುಗೆಮನೆ. ಅವರಿಗೆ ಒಗ್ಗುವ ಊಟ. ಬೆಳಗಿನ ಹೊತ್ತು ಓಡಾಡಲು ತೆರೆದ ಗೇಟು. ಸಕ್ಕರೆ ಕಾಯಿಲೆ ಇದ್ದವರನ್ನು, ಮೈ ಭಾರವಾದವರನ್ನು ಆಗಾಗ ಬಂದು ನೋಡುವ ಡಾಕ್ಟರು. ಏನನ್ನೇ ಬದಲಿಸುವ ಮೊದಲು ಅಲ್ಲಿ ಬದುಕುತ್ತಿರುವವರನ್ನು ಒಂದು ಮಾತು ಕೇಳುವ ಮರ್ಯಾದೆ.

ಈಗ ಇಲ್ಲ ಎಂದದ್ದು. ಅಡುಗೆಮನೆಗೆ ಬೀಗ. ಗೇಟಿಗೆ ಬೀಗ. ಕೋಲಾರದಿಂದ ಡಬ್ಬಿಯಲ್ಲಿ ಬರುವ ಬಿಳಿ ಅನ್ನ, ಅದರ ಮೇಲೆ ಬೇಳೆ ಎಲ್ಲಿದೆಯೆಂದು ಹುಡುಕಬೇಕಾದ ಸಾಂಬಾರು. ಡಾಕ್ಟರು ಬರುವುದು ನಿಂತಿದೆ. ಕೇಳುವ ಮರ್ಯಾದೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ದೂರುವ ಹಾಗಿಲ್ಲ. ನೀವು ಕೇಳಿದಿರಿ. ಕೇಳಿದ್ದೇ ಅನಾಹುತವಾಯಿತು.

ಇಷ್ಟೆಲ್ಲ ಆದ ಮೇಲೆ, ನನ್ನ ತಮ್ಮ ಕದಿರೇಶನನ್ನು ಆ ಮನೆಯಿಂದ ಎತ್ತಿ ಬೇರೆ ಜಿಲ್ಲೆಯ ಮುಚ್ಚಿದ ಕೇಂದ್ರವೊಂದಕ್ಕೆ ಸಾಗಿಸುವ ಪ್ರಸ್ತಾಪ ಈಗ ನಿಮ್ಮ ಮೇಜಿನ ಮೇಲಿದೆ. ಕಾರಣ, 'ವರ್ತನೆಯ ಸಮಸ್ಯೆ'. ಅವನ ಸಮಸ್ಯೆ ಏನೆಂದು ನಾನು ಹೇಳುತ್ತೇನೆ. ಅವನಿಗೆ ರಾಗಿ ಮುದ್ದೆ ಬೇಕಿತ್ತು.

ಸಿಟ್ಟಿನಿಂದ ಬರೆಯಬೇಕೆಂದೇ ಕುಳಿತೆ. ಆದರೆ ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು. ಕೂಲಿಗಾಗಿ, ಕುಡಿಯುವ ನೀರಿಗಾಗಿ, ಸ್ಮಶಾನದ ಜಾಗಕ್ಕಾಗಿ ರಸ್ತೆಯಲ್ಲಿ ಕೂತು ಧಿಕ್ಕಾರ ಕೂಗಿ ಕೂಗಿ ಬೆಳೆದವಳು ನಾನು. ಈಗ ಧಿಕ್ಕಾರ ಎನ್ನಲು ಬಾಯಿ ತೆರೆದರೆ ಆಕಳಿಕೆ ಬರುತ್ತದೆ. ಒಂದು ಮುದ್ದೆಗೂ ಹೋರಾಟ ಕಟ್ಟಬೇಕೆ, ಸ್ವಾಮಿ?

ಕದಿರೇಶನಿಗೆ ನಲವತ್ತು ದಾಟಿದೆ. ಹುಟ್ಟಿನಿಂದಲೂ ಬುದ್ಧಿ ನಿಧಾನ, ನಾಲಿಗೆ ದಪ್ಪ. ಇಂಥವರನ್ನು ಜನ ಮೊದಲು ಪೆದ್ದ ಎಂದರು. ಸರ್ಕಾರ ಬುದ್ಧಿಮಾಂದ್ಯ ಎಂದಿತು, ಆಮೇಲೆ ವಿಕಲಚೇತನ, ಈಗ ವಿಶೇಷಚೇತನ. ಹೆಸರು ಬದಲಾದಷ್ಟು ಸಲ ಇವರ ತಟ್ಟೆಯ ಊಟ ಬದಲಾಗಿದ್ದರೆ ಅರ್ಧ ಕಾಯಿಲೆ ಇರುತ್ತಿರಲಿಲ್ಲ. ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಜಗಳದಲ್ಲಿ ಎರಡೂ. ನಮ್ಮ ಮನೆಯಲ್ಲಿ ಮುದ್ದೆಗೆ ಮುದ್ದೆ ಎನ್ನುವುದು ನೆಂಟರು ಬಂದಾಗ. ನಮ್ಮ ನಮ್ಮೊಳಗೆ ಅದು ಸಂಗಟಿ. ಈ ಒಂದು ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇಡೀ ಅನ್ಯಾಯ ಇದರ ಮೇಲೆಯೇ ನಿಂತಿದೆ.

ಅವನು ಆಸರೆ ಮನೆಗೆ ಬಂದದ್ದು ಯಾರೂ ದಿಕ್ಕಿಲ್ಲದೆ ಅಲ್ಲ. ನನ್ನ ಜೊತೆ ಇರು ಎಂದೆ. ಒಂದು ವಾರ ಇದ್ದು, "ನಿಮ್ಮನೇಲಿ ಮಾತಾಡೋರೇ ಇಲ್ಲ, ಬರೀ ಮೀಟಿಂಗು" ಎಂದು ಬ್ಯಾಗು ಹೆಗಲಿಗೇರಿಸಿದ. ಹುತ್ತೂರಿನ ಮನೆಯಲ್ಲಿ ಅವನಂಥ ಗಂಡಸರು ಒಂದು ಕಡೆ, ಪಕ್ಕದ ಮನೆಯಲ್ಲಿ ಹೆಂಗಸರು, ನಡುವೆ ಒಂದೇ ಅಂಗಳ, ಒಂದೇ ಅಡುಗೆಮನೆ. ನೋಡಿಕೊಳ್ಳಲು ಆಂಜಿನಮ್ಮ. ಹರಕು ಬಾಯಿಯ ಹೆಂಗಸು. ಅಲ್ಲಿದ್ದವರನ್ನು ಬೈಯುತ್ತಲೇ ಬದುಕಿಸುತ್ತಾಳೆ.

ಆದರೆ ಅಲ್ಲೂ ಮೊದಲಿಗೆ ನಡೆದದ್ದು ಎಲ್ಲ ಕಡೆ ನಡೆಯುವುದೇ. ಅನ್ನ, ಟಿವಿ, ಬಿಸ್ಕೆಟ್ಟು, ಮತ್ತೆ ಅನ್ನ. ನೋಡಲು ಬಂದ ನೆಂಟರೆಲ್ಲ ಕೈಯಲ್ಲಿ ಬೇಕರಿ ಪೊಟ್ಟಣ ಹಿಡಿದೇ ಬರುವವರು. ನಾನು ಬರಿಗೈಯಲ್ಲಿ ಹೋದ ದಿನ ನಡೆದ ಮಾತು ಕೇಳಿ.

"ಅಕ್ಕಾ, ಬಿಸ್ಕೆಟ್ ತಂದ್ಯಾ?"

"ಇಲ್ಲ ಕಣೋ. ನಿಂಗೆ ಶುಗರ್ ಐತೆ."

"ಮತ್ಯಾಕ್ ಬಂದೆ?"

ಶುಗರು ಏರಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆಗ ನಿಮ್ಮ ಇಲಾಖೆ ಎಚ್ಚೆತ್ತು 'ಆರೋಗ್ಯಕರ ಜೀವನಶೈಲಿ ಅರಿವು ದಿನ' ಮಾಡಿತು. ಬ್ಯಾನರಿನ ತುಂಬ ಸೇಬು, ದ್ರಾಕ್ಷಿ. ಭಾಷಣ ಮುಗಿದ ಮೇಲೆ ಎಲ್ಲರ ಕೈಗೂ ಸಮೋಸ, ಬಾದಾಮಿ ಹಾಲು. ಜೊತೆಗೆ ಒಂದು ಟ್ರೆಡ್‌ಮಿಲ್ ಬಂತು. ಕದಿರೇಶ ಅದರ ಮೇಲೆ ಒಮ್ಮೆ ಹತ್ತಿ ಇಳಿದು, "ಎಷ್ಟ್ ನಡದ್ರೂ ಇಲ್ಲೇ ಇದೀನಲ್ಲ, ಇದ್ಯಾವ್ ಸೀಮೆ ದಾರಿ?" ಎಂದ. ಅವತ್ತಿನಿಂದ ಅದರ ಮೇಲೆ ಬೆಡ್‌ಶೀಟು ಒಣಗುತ್ತಿದೆ. ಸರ್ಕಾರದ ವತಿಯಿಂದ ಆ ಮನೆಗೆ ಸಿಕ್ಕ ಅತ್ಯಂತ ಗಟ್ಟಿಮುಟ್ಟಾದ ಬಟ್ಟೆ ಒಣಗಿಸುವ ಸ್ಟ್ಯಾಂಡು ಅದು, ಕೃತಜ್ಞತೆಗಳು.

ಮುಂದೆ ಆದದ್ದು ಯಾರ ಯೋಜನೆಯೂ ಅಲ್ಲ. ಹಬ್ಬಕ್ಕೆಂದು ಅಡುಗೆಯವಳು ಊರಿಗೆ ಹೋದಳು. ಆಂಜಿನಮ್ಮನ ಮಣಿಕಟ್ಟು ಉಳುಕಿತ್ತು. ಒಲೆಯ ಮೇಲೆ ರಾಗಿ ಹಿಟ್ಟು ಕುದಿಯುತ್ತಿದೆ, ತಿರುವುವವರಿಲ್ಲ. ಆಂಜಿನಮ್ಮ ಬಾಗಿಲಿಗೆ ಬಂದು, "ಏನ್ಲಾ ಕದಿರೇಶ, ತಿನ್ನೋಕ್ ಮಾತ್ರ ಬರುತ್ತಾ ನಿಂಗೆ? ಬಾರೋ ಇಲ್ಲಿ, ಕೋಲು ಹಿಡಿ" ಎಂದು ಕಿರುಚಿದಳು. ಮುದ್ದೆ ತಿರುವಿದವರಿಗೆ ಗೊತ್ತು, ಅದು ಒಬ್ಬರ ಕೆಲಸವಲ್ಲ. ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿಯಲು ಒಬ್ಬರು, ಗಂಟಾಗದಂತೆ ತಿರುವಲು ಇನ್ನೊಬ್ಬರು. ಹಿಡಿಯಲು ಬಂದವಳು ಹೆಂಗಸರ ಮನೆಯ ಮಾನಸ. ಮಾಲೂರಿನವಳು, ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಹಿಡಿತ ಬಲು ಗಟ್ಟಿ. ಅವಳು ಹಿಡಿದಳು, ಇವನು ತಿರುವಿದ. ಅವತ್ತಿನ ಮುದ್ದೆ ಗಂಟುಗಂಟಾಗಿತ್ತಂತೆ. ಆದರೂ ಎಲ್ಲರೂ ನುಂಗಿದರು. ತಿರುವಿದವನಿಗೆ ಮೊದಲ ಮುದ್ದೆ ಎಂದು ಆಂಜಿನಮ್ಮ ಅವನ ತಟ್ಟೆಗೆ ಹಾಕಿದಳು. ಹುಟ್ಟಿದಂದಿನಿಂದ ಎಲ್ಲದರಲ್ಲೂ ಕೊನೆಯ ಪಂಕ್ತಿಯಲ್ಲಿ ಕೂತವನಿಗೆ ಮೊದಲ ಮುದ್ದೆ.

ಅಲ್ಲಿಂದ ಅವನನ್ನು ಒಲೆಯಿಂದ ಎಬ್ಬಿಸಲಾಗಲಿಲ್ಲ. ಮುದ್ದೆ ಅಂದ ಮೇಲೆ ಸಾರು ಬೇಕು, ಸಾರಿಗೆ ಸೊಪ್ಪು ಬೇಕು. ವಾಕಿಂಗ್ ಹೋಗೋಣ ಎಂದರೆ ಮಂಚದಿಂದ ಕಾಲು ಇಳಿಸದ ಜನ, ಸೊಪ್ಪಿಗೆ ಹೋಗೋಣ ಎಂದರೆ ಗೇಟಿನ ಹತ್ತಿರ ಚೀಲ ಹಿಡಿದು ನಿಂತಿರುತ್ತಿದ್ದರು. ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ಸಾಲಾಗಿ ನಡೆದು, ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಸಿಕ್ಕಿದ್ದೆಲ್ಲ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು. ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ತೋಟದವರು ಮೊದಮೊದಲು ಗುರಾಯಿಸಿದರು. ಆಮೇಲೆ, "ಏನ್ ಕದಿರಣ್ಣ, ಇವತ್ತು ಲೇಟು?" ಎನ್ನತೊಡಗಿದರು. ಕದಿರಣ್ಣ! ಆ 'ಅಣ್ಣ' ಎಂಬ ಎರಡಕ್ಷರ ಯಾವ ಮಾತ್ರೆಯಲ್ಲಿ ಸಿಗುತ್ತದೆ, ನಿಮ್ಮ ವೈದ್ಯರನ್ನು ಕೇಳಿ ಹೇಳುತ್ತೀರಾ?

ಮುದ್ದೆ ಔಷಧಿ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಮುದ್ದೆ ಬಾರಿಸಿ ಮಲಗಿದರೆ ಮುದ್ದೆಯೂ ಕೊಬ್ಬೇ. ನಾನು ಹೇಳುತ್ತಿರುವುದು ಬೇರೆ. ತಿನ್ನಬೇಡ, ಓಡು, ಕುಳಿತುಕೊಳ್ಳಬೇಡ ಎಂದು ಆಳಿಸಿಕೊಂಡೇ ಬಂದವರು ಇವರು. ಇದು ನನ್ನ ಒಲೆ, ನನ್ನ ಸೊಪ್ಪು, ನಾನು ತಿರುವದಿದ್ದರೆ ಇವತ್ತು ಇವರಿಗೆಲ್ಲ ಊಟವಿಲ್ಲ ಎನ್ನಿಸಿದ ಮೇಲೆ ಅವರ ಮೈ ತಾನಾಗಿ ಎದ್ದಿತು. ಶುಗರು ಇಳಿಯಿತು. ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಕದಿರೇಶ ಬಿಸ್ಕೆಟ್ಟು ಬಿಟ್ಟನೇ ಎಂದರೆ, ಇಲ್ಲ. ಕದ್ದು ತಿನ್ನುತ್ತಿದ್ದ. ಆದರೆ ಕದ್ದು ತಿನ್ನಲು ಅಂಗಡಿಯವರೆಗೆ ನಡೆದು ಹೋಗುತ್ತಿದ್ದ, ಅದೂ ಒಂದು ಲಾಭವೇ.

ಆಗ ನೀವು ಬಂದಿರಿ.

ನೀವು ಬರುತ್ತೀರೆಂದು ಮನೆ ತೊಳೆದರು, ಪಾತ್ರೆ ಬೆಳಗಿದರು. ನಿಮಗೆ ಹೊಗೆ ಕಾಣಬಾರದೆಂದು ಒಲೆ ಹಚ್ಚದೆ ಹೋಟೆಲಿನಿಂದ ಪಲಾವು ತರಿಸಿದರು. ಮುದ್ದೆ ಇಲ್ಲವೆಂದು ಕದಿರೇಶ ಬೆಳಗಿನಿಂದ ಮುಖ ಊದಿಸಿಕೊಂಡಿದ್ದ. ಮನೆಯವರನ್ನೂ ಕರೆದಿದ್ದರು, ಹಾಗಾಗಿ ನಾನೂ ಜಗುಲಿಯ ಮೇಲಿದ್ದೆ. ನೀವು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದಿರಿ, "ನಿನಗೇನು ಬೇಕಪ್ಪ? ಭಯ ಪಡಬೇಡ, ಹೇಳು." ಸತ್ಯವಾಗಿ ಹೇಳುತ್ತೇನೆ, ಆ ಕ್ಷಣ ನಿಮ್ಮ ಮೇಲೆ ಗೌರವ ಮೂಡಿತು. ಅವನನ್ನು ಯಾರೂ ಹಾಗೆ ಕೇಳಿದವರಲ್ಲ.

"ಸಂಗಟಿ ಬೇಕು ಸಾರ್," ಎಂದ.

ನಿಮ್ಮ ಹುಬ್ಬು ಮೇಲೇರಿತು. "ಸಂಗಾತಿಯಾ?"

"ಊ ಸಾರ್. ದಿನಾ ಬೇಕು. ಇವತ್ ಕೊಡ್ಲಿಲ್ಲ ಇವ್ರು."

"ದಿನಾನಾ?"

"ಮದ್ಯಾನ ಒಂದು, ರಾತ್ರಿ ಒಂದು."

"ಯಾರಪ್ಪ ಅದು...?"

"ಮಾನಸ ಹಿಡ್ಕೋತಾಳೆ, ನಾನು ತಿರುವ್ತೀನಿ. ಬಿಸಿಬಿಸಿ ಇರ್ಬೇಕು ಸಾರ್!"

ಆಂಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಮಾನಸಳೂ ಅಪರೂಪಕ್ಕೆ ನಕ್ಕಳು. ನಾವು ನಕ್ಕದ್ದು ಅವನ ಹೊಟ್ಟೆಬಾಕತನಕ್ಕೆ. ಅದು ನಿಮಗೆ ಲಜ್ಜೆಗೆಟ್ಟವರ ನಗುವಾಗಿ ಕಂಡಿತು ಎಂದು ಆಮೇಲೆ ತಿಳಿಯಿತು. ಅವನ ದಪ್ಪ ನಾಲಿಗೆಯಲ್ಲಿ ಟ ಮತ್ತು ತ ಎರಡೂ ಒಂದೇ, ಗ ಎಳೆದು ಗಾ ಆಗುತ್ತದೆ. ನಮ್ಮ ಕಿವಿಗೆ ನೀವು ಕೂಡ ಸಂಗಟಿ ಎಂದಂತೆಯೇ ಕೇಳಿಸಿತು. ಕಿವಿ ತನಗೆ ಗೊತ್ತಿರುವುದನ್ನೇ ಕೇಳುತ್ತದೆ. ನೀವು ಬೇರೆ ಸೀಮೆಯಿಂದ ವರ್ಗವಾಗಿ ಬಂದವರು, ನಮ್ಮ ಸಂಗಟಿ ಗೊತ್ತಿಲ್ಲದಿರುವುದು ತಪ್ಪಲ್ಲ. ಅಕ್ಷರ ತಪ್ಪಿ ಕೇಳುವುದು ಯಾರಿಗೂ ಆಗುವುದೇ. ಅದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ.

ಆಮೇಲಿನದಕ್ಕೆ ಬರೆಯುತ್ತಿದ್ದೇನೆ. ಮುಂದಿನ ವಾರವೇ ಆದೇಶ ಬಂತು. ಗಂಡಸರು ಹೆಂಗಸರು ಒಂದೇ ಅಡುಗೆಮನೆಗೆ ಕಾಲಿಡಕೂಡದು. ಅಡುಗೆಮನೆ ಬಂದ್. ಹೊರಗೆ ಒಟ್ಟಿಗೆ ತಿರುಗಾಡುವುದು ಬಂದ್. ಕದಿರೇಶ ಮತ್ತು ಮಾನಸ, ಹೆಸರು ಹಾಕಿ, 'ಅನುಚಿತ ಸಂಬಂಧ'. ಅದನ್ನು ಓದಿ ಆಂಜಿನಮ್ಮ ಹೇಳಿದ ಮಾತನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ನಾನು ನಿಮ್ಮ ಕಚೇರಿಗೆ ಬಂದೆ. ಮೊದಲ ಮೇಜಿನ ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿ, ಮೆಲ್ಲಗೆ ನಕ್ಕರು.

"ಸಂಗಟಿ ಅಂದ್ರೆ ಮುದ್ದೆ ಅಂತ ನಂಗೂ ಗೊತ್ತಮ್ಮ. ನಾನೂ ಮುಳಬಾಗಿಲೋನೇ. ನಮ್ಮನೇಲೂ ಅದೇ."

"ಮತ್ತೆ ಸಾಹೇಬ್ರಿಗೆ ಹೇಳ್ರಪ್ಪ!"

"ಹೇಳೋಕಾಗುತ್ತಾ? ಸಾಹೇಬ್ರು ಸಂಗಾತಿ ಅಂತ ಬರೆದ ಮೇಲೆ ಅದು ಸಂಗಾತೀನೇ. ನಾವ್ ಮುದ್ದೆ ತಿನ್ನೋರು, ಏನ್ ಮಾಡೋದು?"

ನಗಬೇಕೋ ಅಳಬೇಕೋ ತಿಳಿಯದೆ ನಿಮ್ಮ ಕೋಣೆಗೆ ಬಂದೆ. ನೀವು ನನ್ನನ್ನು ಕೂರಿಸಿ ಬಹಳ ಸೌಜನ್ಯದಿಂದ ಹೇಳಿದಿರಿ, "ನೋಡಿ ಅಮ್ಮ, ಅವರ ಬಾಯಿಂದ ಬಂದ ಮಾತನ್ನು ಕುಟುಂಬದವರು ತಿದ್ದಬಾರದು. ತಮ್ಮ ಮಾತು ತಾವೇ ಹೇಳುವುದು ಅವರ ಹಕ್ಕು." ಹಕ್ಕು ಎಂಬ ಮಾತನ್ನು ನಿಮ್ಮ ಕೋಣೆಯವರೆಗೆ ತಂದು ಮುಟ್ಟಿಸಲು ನಮ್ಮಂಥವರು ಎಷ್ಟು ಬಿಸಿಲು ಕುಡಿದಿದ್ದೇವೆ. ಅದನ್ನೇ ಮಡಚಿ ನನ್ನ ಕೈಗೆ ವಾಪಸು ಕೊಟ್ಟಿರಿ. ಅವನ ಮಾತಿಗೆ ಅಷ್ಟು ಬೆಲೆಯಿದ್ದರೆ ಇನ್ನೊಂದು ಸಲ ಅವನನ್ನೇ ಕೇಳಬಹುದಿತ್ತಲ್ಲ? ತಟ್ಟೆಯಲ್ಲಿ ಒಂದು ಮುದ್ದೆ ಇಟ್ಟು, ಇದರ ಹೆಸರೇನಪ್ಪ ಎಂದು? ಒಂದೇ ಒಂದು ಪ್ರಶ್ನೆ. ಅದಕ್ಕೆ ಸಮಿತಿ ಬೇಡ, ತಜ್ಞರು ಬೇಡ, ಕಾರು ಕೂಡ ಬೇಡ, ಹುತ್ತೂರಿಗೆ ಬಸ್ಸಿದೆ.

ಇನ್ನೊಂದು ಮಾತು. ಇದನ್ನು ಬರೆಯಬಾರದೆಂದು ನನ್ನ ಗೆಳತಿಯರೇ ಹೇಳಿದರು, ಬರೆಯುತ್ತೇನೆ. ಒಂದು ವೇಳೆ ಅವನು ಸಂಗಾತಿಯನ್ನೇ ಕೇಳಿದ್ದರೆ? ನಲವತ್ತು ದಾಟಿದ ಗಂಡಸು ಒಂಟಿತನ ತಡೆಯಲಾರದೆ, ನನಗೊಂದು ಜೊತೆ ಬೇಕು ಎಂದಿದ್ದರೆ, ಅದಕ್ಕೆ ಉತ್ತರ ಅಡುಗೆಮನೆಗೆ ಬೀಗವೇ? ಊರೂರು ತಿರುಗಿ ಸಂಬಂಧ ಹುಡುಕಿ ಛತ್ರ ಹಿಡಿಯುವ ನಾವು, ಇವರ ವಿಷಯಕ್ಕೆ ಬಂದಾಗ ಮಾತ್ರ ಜೊತೆ ಎಂಬ ಪದ ಕಿವಿಗೆ ಬಿದ್ದರೆ ಪೊಲೀಸರಾಗುತ್ತೇವೆ. ಮುದ್ದೆ ಕೇಳಿದ್ದು ಎಂದು ಸಾಬೀತು ಮಾಡಿ ಅವನನ್ನು ಬಿಡಿಸಿಕೊಳ್ಳಲು ಹೊರಟಿದ್ದೇನೆ ನಿಜ. ಆದರೆ ಸಂಗಾತಿಯನ್ನು ಕೇಳಿದವರೂ ತಪ್ಪು ಮಾಡಿದವರಲ್ಲ. ಅವರ ಪರವಾಗಿ ಪತ್ರ ಬರೆಯುವ ಶಕ್ತಿ ನನ್ನಲ್ಲಿ ಇನ್ನೂ ಉಳಿದಿದೆಯೋ ಇಲ್ಲವೋ, ಈ ಸಾಲಾದರೂ ಇರಲಿ.

ಮಾನಸಳನ್ನು ಮನೆಯವರು ಮಾಲೂರಿಗೆ ಕರೆದುಕೊಂಡು ಹೋದರು. ಅವಳ ತಾಯಿ ಫೋನಿನಲ್ಲಿ ಹೇಳಿದ್ದು, "ನಿಮ್ ತಮ್ಮ ಅಂಥೋನಲ್ಲ ಅಂತ ಗೊತ್ತು ಶಾಮಲಕ್ಕ. ಆದ್ರೆ ಆರ್ಡರಲ್ಲಿ ಹೆಸರು ಬಂತಲ್ಲ. ನಮ್ ಬೀದೀಲಿ ಎಲ್ರೂ ಓದ್ಕೊಂಡೋರೇ." ಆ ಗಟ್ಟಿ ಹಿಡಿತದ ಕೈ ಈಗ ಟಿವಿ ರಿಮೋಟು ಹಿಡಿದು ಕೂತಿದೆಯಂತೆ. ಈ ಪತ್ರದಲ್ಲಿ ಅವಳ ಹೆಸರು ಹಾಕಲೇ ಎಂದು ಕೇಳಿದೆ. ಮಾನಸ ಹೂಂ ಎಂದಳು. ತಾಯಿಯೂ, "ಹಾಕಿ ಅಕ್ಕ. ಕೆಟ್ಟದ್ರ ಜೊತೆ ಬಂದ ಹೆಸರು ಮುದ್ದೆ ಜೊತೇಗೂ ಒಂದ್ಸಲ ಬರ್ಲಿ" ಎಂದರು.

ಕದಿರೇಶನ ಮೈ ಮತ್ತೆ ಊದಿದೆ. ಡಬ್ಬಿಯ ಅನ್ನ, ಗೇಟಿನ ಒಳಗೆ ಬರುವ ಬೇಕರಿ ಪೊಟ್ಟಣ. ಶುಗರು ಏರಿದೆ. ಕಾಲಿನ ಹೆಬ್ಬೆರಳ ಪಕ್ಕ ಒಂದು ಗಾಯ ಆಗಿದೆ, ಮಾಯುತ್ತಿಲ್ಲ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ನಡೆಯುವುದು, ಊಟ, ಎರಡನ್ನೂ ಸರಿಮಾಡಿ ಎಂದರು. ನಡೆಯಲು ಗೇಟು ಬೇಕು, ಊಟಕ್ಕೆ ಒಲೆ ಬೇಕು, ಎರಡರ ಬೀಗದ ಕೈಯೂ ನಿಮ್ಮಲ್ಲಿದೆ ಎಂದು ಅವರಿಗೆ ಹೇಗೆ ಹೇಳಲಿ? ಮುಚ್ಚಿದ ಕೇಂದ್ರಕ್ಕೆ ಹೋದರೆ ಅವನ ಕಾಲನ್ನು ನೋಡುವವರು ಯಾರು? ಅವನ ದಪ್ಪ ನಾಲಿಗೆಯ ಮಾತನ್ನು ತಿಳಿಯುವವರು ಯಾರು? ನೋವು ಎಂದರೆ ಅಲ್ಲಿ ಏನೆಂದು ಬರೆದುಕೊಳ್ಳುತ್ತಾರೋ.

ಹೋದ ಭಾನುವಾರ ಅವನ ಪಕ್ಕ ಕೂತು, "ಏನ್ ಬೇಕೋ ಕದಿರಾ?" ಎಂದೆ.

ಅವನು ಮೊದಲು ಬಾಗಿಲ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದರೂ, "ಏನೂ ಬ್ಯಾಡ ಅಕ್ಕ" ಎಂದ.

"ಬಿಸ್ಕೆಟ್ ತರ್ಲಾ?"

"ಬ್ಯಾಡ. ನಂಗೇನೂ ಬ್ಯಾಡ ಅಂತ ಹೇಳು ಅವ್ರಿಗೆ."

ಕೇಳಿದರೆ ಬೀಗ ಬೀಳುತ್ತದೆ ಎಂದು ಕಲಿತಿದ್ದಾನೆ, ಮಾನ್ಯರೇ. ಬುದ್ಧಿ ನಿಧಾನ ಎಂದು ಪ್ರಮಾಣಪತ್ರ ಕೊಟ್ಟಿದ್ದೀರಲ್ಲ, ಎಷ್ಟು ಬೇಗ ಕಲಿತ ನೋಡಿ. ನಿಮ್ಮ ಇಲಾಖೆ ಅವನಿಗೆ ಕಲಿಸಿದ ಪಾಠ ಇದೊಂದೇ. ಪೂರ್ತಿ ಯಶಸ್ವಿಯಾಗಿದೆ, ಬೇಕಿದ್ದರೆ ವರದಿಯಲ್ಲಿ ಹಾಕಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ದೊಡ್ಡ ಬೇಡಿಕೆಗಳ ಕಾಲ ಮುಗಿಯಿತು ನನಗೆ. ಕದಿರೇಶನನ್ನು ಸಾಗಿಸುವ ಪ್ರಸ್ತಾಪ ಹರಿದು ಹಾಕಿ. ಇಬ್ಬರ ಹೆಸರಿನ ಮುಂದೆ ಬರೆದ ಆ ಎರಡು ಪದ ಹೊಡೆದು, ತಪ್ಪಾಗಿ ಕೇಳಿಸಿಕೊಂಡೆವು ಎಂದು ಅದೇ ಕಾಗದದ ಮೇಲೆ ಬರೆದು ಸಹಿ ಮಾಡಿ, ಅದರ ಪ್ರತಿ ಮಾಲೂರಿನ ಆ ಬೀದಿಗೂ ಮುಟ್ಟಲಿ. ಅಡುಗೆಮನೆ ತೆರೆಯಿರಿ, ಗೇಟು ತೆರೆಯಿರಿ. ಏನು ತಿನ್ನಬೇಕು, ಎಲ್ಲಿ ನಡೆಯಬೇಕು ಎಂದು ಅಲ್ಲಿರುವವರು, ಆಂಜಿನಮ್ಮ, ಡಾಕ್ಟರು ಕೂತು ಮಾತಾಡಿಕೊಳ್ಳಲಿ, ಒಮ್ಮೆಯಾದರೂ ನಿಮ್ಮ ಬ್ಯಾನರು ಇಲ್ಲದೆ. ಟ್ರೆಡ್‌ಮಿಲ್ ಬೇಕಾದರೆ ವಾಪಸು ಒಯ್ಯಿರಿ.

ಸಾಗಿಸುವ ವಿಷಯ ಇತ್ಯರ್ಥವಾಗುವ ಸಭೆಗೆ ಕುಟುಂಬದವರು ಬರಬೇಕಾಗಿಲ್ಲ ಎಂದು ತಿಳಿಸಿದ್ದೀರಿ. ಬರುತ್ತೇವೆ. ನಾನು ಬರುತ್ತೇನೆ, ಆಂಜಿನಮ್ಮ ಬರುತ್ತಾಳೆ, ಮಾಲೂರಿನಿಂದ ಮಾನಸ ತಾಯಿಯ ಜೊತೆ ಬರುತ್ತಾಳೆ. ಘೋಷಣೆ ಕೂಗುವುದಿಲ್ಲ, ಬಾಗಿಲಿಗೆ ಅಡ್ಡ ಕೂರುವುದಿಲ್ಲ, ಅಷ್ಟು ಉಸಿರು ಯಾರಲ್ಲೂ ಇಲ್ಲ. ಕದಿರೇಶ ಕುಂಟುತ್ತಾ ಬರುತ್ತಾನೆ, ಅವನಿಗೊಂದು ಕುರ್ಚಿ ಹಾಕಿಸಿ. ಕೇಳಬೇಕಾದ್ದನ್ನು ಅವನನ್ನೇ ಕೇಳಿ, ನಿಧಾನವಾಗಿ, ಅವನ ಮಾತು ತಿಳಿಯುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಬಾಯಿ ತೆರೆಯುತ್ತಾನೋ ಇಲ್ಲವೋ ನನಗೂ ಗೊತ್ತಿಲ್ಲ. ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ದಣಿದಿದ್ದರೂ ಅವತ್ತು ಮೊದಲ ಬಸ್ಸಿಗೇ ಹೊರಡುವ
ಶಾಮಲಮ್ಮ
ಶ್ರೀನಿವಾಸಪುರ ತಾಲ್ಲೂಕು